ಒಬ್ಬ ಓದುಗ

ಇಲ್ಲದವರ ಹೆಸರನ್ನು ಕೇಳಬಾರದು. ಮನುಷ್ಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಖಾಲಿ ಜಾಗದ ಮುಂದೆ ನಿಂತು, ಇಲ್ಲದ ಬಾಗಿಲನ್ನು ಬಡಿಯುವ ಅಂಚೆಯವನನ್ನು ಯಾರೂ ಕಂಡಿಲ್ಲ. ಕಂಪ್ಯೂಟರಿಗೆ ಮಾತ್ರ ಆ ವಿವೇಕವಿಲ್ಲ. ‘ಈ ಪುಸ್ತಕ ಒಯ್ದವರ ಹೆಸರು ಹೇಳು’ ಎಂದು ಬರೆದುಕೊಟ್ಟರೆ, ಒಯ್ದವರೇ ಇಲ್ಲದ ಕಡೆಗೂ ಹೋಗಿ ಹೆಸರು ಕೇಳುತ್ತದೆ. ಉತ್ತರ ಬರದಿದ್ದರೆ ಮುನಿಸಿಕೊಂಡು ಇಡೀ ಪುಟವನ್ನೇ ಬೆಳ್ಳಗೆ ಮಾಡಿ ಕುಳಿತುಬಿಡುತ್ತದೆ.

ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಗ್ರಂಥಾಲಯದ ಕಂಪ್ಯೂಟರು ಹೀಗೆ ಕುಳಿತಿತು. ಬೆಳ್ಳನೆಯ ಪುಟದ ನಡುವೆ ಒಂದೇ ಒಂದು ಸಾಲು: ‘ನಿಲ್‌ಗೆ ಹೆಸರು ಕೇಳಲಾಗಿದೆ.’ ನಿಲ್ ಎಂದರೆ ಏನೂ ಇಲ್ಲ. ಶೂನ್ಯವೂ ಅಲ್ಲ, ಶೂನ್ಯವಾದರೂ ಒಂದು ಅಂಕಿ. ಇದು ಅದಕ್ಕೂ ಬಡವ.

ಅದರ ಮುಂದೆ ಕೈಕಟ್ಟಿ ಕುಳಿತಿದ್ದವನನ್ನು ಗ್ರಂಥಾಲಯದವರು ಕಂಪ್ಯೂಟರಪ್ಪ ಎಂದು ಕರೆಯುತ್ತಿದ್ದರು. ಆರು ತಿಂಗಳ ಹಿಂದೆ ಹಂಗಾಮಿಯಾಗಿ ಬಂದವನು. ಸದಸ್ಯರ ಹೆಸರು, ಒಯ್ದ ಪುಸ್ತಕ, ತಂದ ದಿನ ಎಲ್ಲವನ್ನೂ ಕಾರ್ಡುಗಳಿಂದ ಕಂಪ್ಯೂಟರಿಗೆ ಹತ್ತಿಸಿ, ಮನೆಯಲ್ಲೇ ಕುಳಿತು ಪುಸ್ತಕ ಹುಡುಕುವಂತೆ ಒಂದು ಜಾಲತಾಣ ಮಾಡಿಕೊಡುವುದು ಅವನ ಕೆಲಸ. ಇವತ್ತಿಗೆ ಆರು ತಿಂಗಳು ಮುಗಿಯುತ್ತಿತ್ತು. ಸಂಜೆ ಐದಕ್ಕೆ ಗ್ರಂಥಾಲಯದ ಸಮಿತಿ ಸೇರಿ, ‘ಈ ವರ್ಷ ಯಾರು ಎಷ್ಟು ಓದಿದರು’ ಎಂಬ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ನೋಡುವುದಿತ್ತು. ಪಟ್ಟಿ ಸರಿಯಾಗಿ ಬಂದರೆ ಅವನು ಖಾಯಂ. ಬಾರದಿದ್ದರೆ ಗೋಡೆಯ ಪಕ್ಕಕ್ಕೆ ಸರಿಸಿಟ್ಟಿದ್ದ, ಹಳೆಯ ಕಾರ್ಡುಗಳ ಅರವತ್ತು ಮರದ ಡ್ರಾಯರುಗಳು ಮರಳಿ ತಮ್ಮ ಜಾಗಕ್ಕೆ, ಅವನು ಮರಳಿ ಬೀದಿಗೆ.

ಇದರ ಮೇಲೊಂದು ತೊಡಕು. ಕೆಲಸ ಖಾಯಂ ಆಯಿತೆಂದು ಅವನು ವಾರದ ಹಿಂದೆಯೇ ಮನೆಯಲ್ಲಿ ಹೇಳಿಬಿಟ್ಟಿದ್ದ. ಅತ್ತೆ ಬಂದು ಕುಳಿತಿದ್ದರು. ಪ್ರತಿ ಊಟದ ಹೊತ್ತಿಗೂ ಬಡಿಸುವ ಮೊದಲು ‘ಏನಾಯ್ತು ನಿಮ್ಮ ಕೆಲಸದ್ದು’ ಎಂದು ಕೇಳುತ್ತಿದ್ದರು. ಹಸಿದವನ ಬಾಯಿಂದ ಸುಳ್ಳು ಬೇಗ ಹೊರಡುತ್ತದೆ. ಈಗ ಅತ್ತೆ ಆದೇಶದ ಕಾಗದವನ್ನು ಕಣ್ಣಾರೆ ನೋಡಿಯೇ ಊರಿಗೆ ಹೊರಡುವುದಾಗಿ ಹೇಳಿ ಕಾದಿದ್ದರು.

ಪಟ್ಟಿಯ ಪುಟವನ್ನು ಅವನು ಸುಮ್ಮನೆ ಬರೆದಿರಲಿಲ್ಲ. ಹತ್ತು ಮಂದಿ ಸದಸ್ಯರನ್ನು ತಾನೇ ಕಲ್ಪಿಸಿಕೊಂಡು, ಅವರ ಕೈಗೆ ಕಲ್ಪನೆಯ ಪುಸ್ತಕಗಳನ್ನು ಕೊಟ್ಟು, ಹತ್ತು ಸಲ ಪರೀಕ್ಷೆ ಮಾಡಿದ್ದ. ಆ ಹತ್ತು ಮಂದಿಗೆ ಕಾಯಿಲೆಯಿಲ್ಲ, ಮುಪ್ಪಿಲ್ಲ, ಊರು ಬಿಡುವುದಿಲ್ಲ. ಆಗೆಲ್ಲ ಪುಟ ಕನ್ನಡಿಯಂತೆ ಬರುತ್ತಿತ್ತು. ಈ ಬೆಳಿಗ್ಗೆ ಮೊದಲ ಸಲ ನಿಜವಾದ ಸದಸ್ಯರ ಮೇಲೆ ಅದನ್ನು ಓಡಿಸಿದ್ದ. ಪುಟ ಮುಗ್ಗರಿಸಿ ಬಿತ್ತು.

ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ. ಯಂತ್ರವನ್ನು ಆರಿಸಿ ಹೊತ್ತಿಸಿದ. ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಎಲ್ಲೋ ಕೆಲವು ಪುಸ್ತಕಗಳಿಗೆ ಒಯ್ದವರೇ ಇಲ್ಲ ಎಂಬುದಷ್ಟೇ ತಿಳಿಯಿತು. ಒಯ್ದವರಿಲ್ಲದೆ ಪುಸ್ತಕ ಹೇಗೆ ಹೋಯಿತು, ಹೇಗೆ ಬಂತು? ಪುಸ್ತಕಗಳಿಗೆ ಕಾಲಿಲ್ಲವಲ್ಲ.

ಬೈಂಡಿಂಗ್ ಮಾಡುವವನು ಅಂಟಿನ ಡಬ್ಬಿ ಹಿಡಿದುಕೊಂಡು ಬಂದು ಹಿಂದೆ ನಿಂತ. ಹರಿದ ಪುಸ್ತಕ ಹೊಲಿಯುವುದು ಅವನ ವೃತ್ತಿ, ಇನ್ನೊಬ್ಬರ ಕೆಲಸ ನೋಡುತ್ತ ನಿಲ್ಲುವುದು ಅವನ ವ್ರತ. ಹಳೆಯ ಡ್ರಾಯರುಗಳ ಮೇಲೆ ಅವನಿಗೆ ತಾಯಿಯ ಮೇಲಿನಷ್ಟು ಪ್ರೀತಿ.

“ಬಿಳೀ ಹಾಳೆ ಚೆನ್ನಾಗಿದೆ ಕಂಪ್ಯೂಟರಪ್ನೋರೆ,” ಎಂದ. “ನಮ್ಮ ಕಡೆ ಆದ್ರೆ ಒಂದು ಹಾಳೆ ಹರಿದ್ರೆ ಒಂದು ಹಾಳೆ ಹೋಯ್ತು. ನಿಮ್ಮಲ್ಲಿ ಒಂದು ಹಾಳೆ ಹರಿದ್ರೆ ಇಡೀ ಪುಸ್ತಕ ಹೋಗುತ್ತೆ.”

ಮಾತು ಸರಿಯಾಗಿದ್ದುದರಿಂದಲೇ ಕಂಪ್ಯೂಟರಪ್ಪನಿಗೆ ಹೆಚ್ಚು ಸಿಟ್ಟು ಬಂತು.

ಕೌಂಟರಿನಲ್ಲಿ, ಕಿಟಕಿಯ ಬೆಳಕಿಗೆ ಮುಖಮಾಡಿ, ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯಾಕೆ ಕುಳಿತಿದ್ದರು. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಗುಮಾಸ್ತೆ. ಯಾರು ಯಾವ ಪುಸ್ತಕ ಒಯ್ದರು, ಯಾರು ಅಂಚು ಮಡಚಿದರು, ಯಾರು ಕೊನೆಯ ಪುಟ ಮೊದಲು ಓದುತ್ತಾರೆ, ಎಲ್ಲವೂ ಬಾಯಲ್ಲಿ. ನಾಲ್ಕು ತಿಂಗಳ ಹಿಂದೆ ಅವರ ಯಜಮಾನರು ಹೋದರು. ಅಂದಿನಿಂದ ಯಜಮಾನರ ಕನ್ನಡಕವನ್ನೇ ಹಾಕಿಕೊಂಡು ಓದುತ್ತಿದ್ದರು. ಅದು ಅವರ ಕಣ್ಣಿಗೆ ಹೊಂದುತ್ತಿರಲಿಲ್ಲ. ಪತ್ರಿಕೆಯನ್ನು ಮೊಳ ದೂರ ಹಿಡಿಯಬೇಕಾಗುತ್ತಿತ್ತು. ದಿನವೂ ಬೆಳಿಗ್ಗೆ ಪತ್ರಿಕೆಯ ಒಳಪುಟವೊಂದರಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿದ್ದರು. ಪದಬಂಧವಿರಬೇಕು. ಬಿಡಿಸಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ಕೈಜೋಡಿಸುತ್ತಿದ್ದರು. ಪದಬಂಧ ಬಿಡಿಸಿ ದೇವರಿಗೆ ಕೈಮುಗಿಯುವವರನ್ನು ಕಂಪ್ಯೂಟರಪ್ಪ ಬೇರೆಲ್ಲೂ ಕಂಡಿರಲಿಲ್ಲ.

ಅವರು ಕಂಪ್ಯೂಟರಿನ ಬಗ್ಗೆ ತಂಟೆ ಮಾಡಿದವರಲ್ಲ. ಮೊದಲ ವಾರದಲ್ಲಿ ಒಂದೇ ಒಂದು ಕೇಳಿದ್ದರು: ಕೌಂಟರಿನ ಕಂಪ್ಯೂಟರಿನಲ್ಲಿ ಸದಸ್ಯರ ಹೆಸರನ್ನು ತೆಗೆದುಹಾಕುವುದಕ್ಕೆ ಒಂದು ಗುಂಡಿ ಇರಲಿ, ಅದರ ಅಕ್ಷರ ದಪ್ಪಗಿರಲಿ. ಅವನು ಇಷ್ಟೇ ತಾನೆ ಎಂದು ಮಾಡಿಕೊಟ್ಟಿದ್ದ. ಯಾಕೆಂದು ಕೇಳಿರಲಿಲ್ಲ.

ಈಗ ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. “ಏನಾಯ್ತಪ್ಪ? ಬೆಳಿಗ್ಗೆಯಿಂದ ಒದ್ದಾಡ್ತಾ ಇದ್ದೀಯ. ಯಾರು ಕಾಣ್ತಾ ಇಲ್ಲ ಹೇಳು, ನಾನು ಹುಡುಕಿಕೊಡ್ತೀನಿ.”

“ಯಾರೂ ಅಲ್ಲ ದೊಡ್ಡಮ್ಮ, ಇದು ನಿಲ್. ಕಂಪ್ಯೂಟರಿನ ವಿಷಯ. ನಿಮಗೆ ತಿಳಿಯಲ್ಲ,” ಎಂದ ಅವನು.

“ಹಾಗಾದ್ರೆ ಬಿಡು,” ಎಂದು ಅವರು ಪತ್ರಿಕೆಗೆ ಮರಳಿದರು. ಇಡೀ ದಿನದಲ್ಲಿ ಅವನ ಪಾಲಿಗೆ ಬಂದಿದ್ದ ಒಂದೇ ಒಂದು ನಿಜವಾದ ನೆರವು ಹೀಗೆ ಬಂದು ಹೀಗೆ ಹೋಯಿತು. ಭಗವಂತ ಬಾಗಿಲು ತಟ್ಟುವಾಗ ನಾವು ‘ಆಮೇಲೆ ಬನ್ನಿ’ ಎನ್ನುವುದು ಹೊಸದೇನಲ್ಲ.

ಹನ್ನೊಂದು ಗಂಟೆಗೆ ಅವನು ಕಾವಲು ಹಾಕುವ ಉಪಾಯ ಹಿಡಿದ. ಹೆಸರು ಕೇಳುವ ಮೊದಲು ‘ಆಸಾಮಿ ಇದ್ದಾನೆಯೇ’ ಎಂದು ಕೇಳು, ಇದ್ದರೆ ಮಾತ್ರ ಮುಂದೆ ಹೋಗು ಎಂದು ಬರೆದ. ಹೆಸರಿನ ಜಾಗ ದಾಟಿತು, ಪುಟ ವಿಳಾಸದ ಜಾಗದಲ್ಲಿ ಬಿತ್ತು. ಅಲ್ಲೊಂದು ಕಾವಲು. ವಯಸ್ಸಿನ ಜಾಗದಲ್ಲಿ ಬಿತ್ತು. ಅಲ್ಲೊಂದು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವಂತೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಇಣುಕುತ್ತಿತ್ತು. ಹನ್ನೊಂದು ಕಾವಲು ಹಾಕಿದ ಮೇಲೆ ಪುಟ ಕೊನೆಗೂ ಬಂತು.

ಗ್ರಂಥಪಾಲಕರು ಬಂದು ನೋಡಿದರು. ಅವರು ಸ್ಥೂಲಕಾಯದ, ಬೆವರುವ, ಸಮಿತಿಯೆಂದರೆ ನಿದ್ದೆಯಲ್ಲೂ ಎದ್ದು ನಿಲ್ಲುವ ಮನುಷ್ಯ. ಪಟ್ಟಿಯನ್ನು ಬೆರಳಿನಿಂದ ಸವರುತ್ತ ಹೋದರು. ಬೆರಳು ಒಂದು ಕಡೆ ನಿಂತಿತು.

“ಇದೇನ್ರೀ ಇದು? ಪುಸ್ತಕ ಹೋಗಿದೆ, ಬಂದಿದೆ, ಒಯ್ದವರ ಜಾಗ ಖಾಲಿ. ಹೀಗೆ ಆರುನೂರಾ ನಲವತ್ತಮೂರು ಕಡೆ ಖಾಲಿ. ಅಧ್ಯಕ್ಷರು ನ್ಯಾಯಾಧೀಶರಾಗಿದ್ದವರು. ಒಂದು ಖಾಲಿ ಜಾಗ ಕಂಡ್ರೆ ಮೂರು ದಿನ ವಿಚಾರಣೆ ಮಾಡ್ತಾರೆ.”

“ದೆವ್ವ ಓದಿರಬೇಕು ಸಾರ್,” ಎಂದ ಬೈಂಡಿಂಗಿನವನು. “ಕಾರ್ಡಿನ ಕಾಲದಲ್ಲಿ ಅವು ಬರ್ತಿರಲಿಲ್ಲ.”

ಗ್ರಂಥಪಾಲಕರು ಮಧ್ಯಾಹ್ನದೊಳಗೆ ಆ ಜಾಗಗಳು ತುಂಬಬೇಕು, ಹೇಗಾದರೂ ತುಂಬಬೇಕು ಎಂದು ಹೇಳಿ ಹೋದರು. ಈ ‘ಹೇಗಾದರೂ’ ಎಂಬ ಮಾತಿನಿಂದ ಲೋಕದಲ್ಲಿ ಆಗಿರುವ ಅನಾಹುತ ಸಣ್ಣದಲ್ಲ.

ಊಟದ ಡಬ್ಬಿಯನ್ನು ಬಿಚ್ಚದೆಯೇ ಕುಳಿತ ಕಂಪ್ಯೂಟರಪ್ಪನಿಗೆ ಒಂದೂವರೆ ಗಂಟೆಗೆ ಬುದ್ಧಿ ಹೊಳೆಯಿತು. ಇಲ್ಲದವರ ಜಾಗದಲ್ಲಿ ಇರುವವನೊಬ್ಬನನ್ನು ನಿಲ್ಲಿಸಿದರಾಯಿತು. ಒಯ್ದವರು ಸಿಕ್ಕರೆ ಸರಿ, ಸಿಗದಿದ್ದರೆ ಈ ಬದಲಿ ಮನುಷ್ಯನೇ ಒಯ್ದ ಎಂದುಕೋ, ಮುಂದೆ ನಡೆ. ಬದಲಿಯವನಿಗೆ ಹೆಸರಿರುತ್ತದೆ, ವಿಳಾಸವಿರುತ್ತದೆ. ಯಂತ್ರ ಏನು ಕೇಳಿದರೂ ಉತ್ತರ ಸಿಗುತ್ತದೆ. ವಿದ್ಯಾವಂತರೂ ಮಾಡುವ ಉಪಾಯವೇ ಇದು. ಅವನಿಗೆ ತನ್ನ ಮೇಲೆಯೇ ಗೌರವ ಹುಟ್ಟಿತು.

ಹೊಸ ಸದಸ್ಯರ ಅರ್ಜಿ ತೆರೆದ. ಅವನೇ ಮಾಡಿದ ಅರ್ಜಿ, ಅವನೇ ಹಾಕಿದ ಕಟ್ಟುಪಾಡು: ಒಂದು ಜಾಗ ಬಿಟ್ಟರೂ ಮುಂದೆ ಬಿಡುವುದಿಲ್ಲ. ಹೆಸರಿನ ಜಾಗದಲ್ಲಿ ‘ಒಬ್ಬ ಓದುಗ’ ಎಂದು ಬರೆದ. ವಯಸ್ಸು ಕೇಳಿತು, ಬೆರಳಿಗೆ ಸಿಕ್ಕಿದ ಎರಡು ಅಂಕಿ ಒತ್ತಿದ, ಎಂಬತ್ತಮೂರು. ವಿಳಾಸ ಕೇಳಿತು. ಅವಸರದಲ್ಲಿ ಮನುಷ್ಯನಿಗೆ ನೆನಪಾಗುವ ವಿಳಾಸ ಒಂದೇ: ತನ್ನದು. ಫೋನ್ ನಂಬರೂ ಹಾಗೆಯೇ, ಮನೆಯದು.

ಪುಟ ಬಂತು. ಎಂಥ ಪುಟ! ಒಂದೂ ಖಾಲಿಯಿಲ್ಲ, ಕಂಬಿಗೆ ಕಂಬಿ ಕೂಡಿದ ಹಾಗೆ. ಈಗ ಆ ಹನ್ನೊಂದು ಕಾವಲುಗಳು ಅಸಹ್ಯವಾಗಿ ಕಂಡವು. ಬದಲಿಯವನು ಇದ್ದಮೇಲೆ ಇಲ್ಲದವರು ಎಲ್ಲಿಂದ ಬರಬೇಕು? ಮಳೆ ನಿಂತಿತೆಂದು ಕೊಡೆ ದಾನ ಮಾಡುವವನಂತೆ ಅವನು ಎಲ್ಲ ಕಾವಲುಗಳನ್ನೂ ಒಂದೊಂದಾಗಿ ಕಿತ್ತುಹಾಕಿ, ಡಬ್ಬಿ ಬಿಚ್ಚಿ ಊಟ ಮಾಡಿದ.

ಮೂರು ಗಂಟೆಗೆ ಅಧ್ಯಕ್ಷರು ಬಂದುಬಿಟ್ಟರು. ಐದಕ್ಕೆ ಎಂದರೆ ಮೂರಕ್ಕೆ ಬರುವುದು ಅವರ ಹಳೆಯ ಶಿಸ್ತು. ಬೆಳ್ಳನೆಯ ಹುಬ್ಬು, ನಿಧಾನದ ಮಾತು. ಪಟ್ಟಿಯನ್ನು ಈಗಲೇ ಸ್ವಲ್ಪ ನೋಡೋಣವೆಂದು ಕುರ್ಚಿ ಎಳೆದುಕೊಂಡು ಕುಳಿತರು. ಮೊದಲ ಸಾಲು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

ಎರಡನೆಯ ಸ್ಥಾನದಲ್ಲಿದ್ದವರು ಒಬ್ಬ ಶಾಲಾ ಶಿಕ್ಷಕಿ, ನೂರಾ ಹದಿನೆಂಟು ಪುಸ್ತಕ. ಮೊದಲನೆಯ ಸ್ಥಾನದಲ್ಲಿ ‘ಒಬ್ಬ ಓದುಗ’, ವಯಸ್ಸು ಎಂಬತ್ತಮೂರು, ಆರುನೂರಾ ನಲವತ್ತಮೂರು ಪುಸ್ತಕ.

“ದಿನಕ್ಕೆ ಹತ್ತಿರ ಹತ್ತಿರ ಎರಡು,” ಎಂದರು ಅಧ್ಯಕ್ಷರು ಮೆಲ್ಲಗೆ. “ಈ ವಯಸ್ಸಿನಲ್ಲಿ.” ಪುಸ್ತಕಗಳ ಹೆಸರನ್ನು ಗಟ್ಟಿಯಾಗಿ ಓದುತ್ತ ಹೋದರು. ಉಲ್ಲನ್ ಹೆಣಿಗೆ, ಕುಸ್ತಿಯ ಪಟ್ಟುಗಳು, ನಕ್ಷತ್ರಗಳನ್ನು ಗುರುತಿಸುವುದು, ಕಣ್ಣಿನ ಕಾಯಿಲೆಗಳು, ಮಕ್ಕಳಿಗೆ ಹೆಸರಿಡುವುದು, ಚದುರಂಗ, ಜೇನುಸಾಕಣೆ. “ಏನು ಅಭಿರುಚಿ! ಹೆಣಿಗೆಯಿಂದ ಕುಸ್ತಿಯವರೆಗೆ. ಮತ್ತೆ ಆ ವಿನಯ ನೋಡಿ. ನಾಲ್ಕು ಅಕ್ಷರ ಕಲಿತವರು ಹೆಸರಿನ ಹಿಂದೆ ಮುಂದೆ ಎಂಟು ಅಕ್ಷರ ಹಚ್ಚಿಕೊಳ್ಳೋ ಕಾಲದಲ್ಲಿ ಈ ಮಹಾನುಭಾವರು ಬರೀ ‘ಒಬ್ಬ ಓದುಗ’ ಅಂತ ಬರೆಸಿಕೊಂಡಿದ್ದಾರೆ.”

ಗ್ರಂಥಪಾಲಕರು ಹೌದೆಂದರು, ಅಧ್ಯಕ್ಷರು ಇಲ್ಲವೆಂದಿದ್ದರೆ ಇಲ್ಲವೆನ್ನುತ್ತಿದ್ದರು. ಕಂಪ್ಯೂಟರಪ್ಪ ಆಗಲೇ ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ಹೇಳಿದರೆ ‘ಆರುನೂರಾ ನಲವತ್ತಮೂರು ಕಡೆ ಖಾಲಿ’ ಎಂಬುದೂ ಹೊರಬರುತ್ತಿತ್ತು.

ಇಂಥವರನ್ನು ಇವತ್ತೇ ಸಭೆಗೆ ಕರೆಸಿ ಸನ್ಮಾನಿಸಬೇಕೆಂದು ಅಧ್ಯಕ್ಷರು ಹೇಳಿದರು. ಪರದೆಯ ಮೇಲಿನ ನಂಬರನ್ನು ನೋಡಿ ತಾವೇ ಫೋನು ಹಚ್ಚಿದರು. ಅತ್ತ ಎತ್ತಿದ್ದು ಅತ್ತೆ. ಅವರ ಧ್ವನಿಗೆ ಫೋನಿನ ಅಗತ್ಯವೇ ಇರಲಿಲ್ಲ. ಮಾತೆಲ್ಲ ಸುತ್ತಲಿನವರಿಗೆ ಕೇಳಿಸಿತು.

“ಓದೋರಾ? ಈ ಮನೇಲಿ ಓದೋರು ಯಾರೂ ಇಲ್ಲ. ಅಳಿಯ ಒಬ್ಬ ಇದ್ದಾನೆ, ಅವನೂ ಓದಲ್ಲ.”

ಫೋನು ಕಟ್ಟಾಯಿತು. ಅಧ್ಯಕ್ಷರು ಹುಬ್ಬು ಕೂಡಿಸಿದರು. ಮನೆಯವರಿಗೇ ಗೊತ್ತಿಲ್ಲದೆ ಓದುತ್ತಿರಬಹುದು, ಎಂಥ ಒಂಟಿ ಜೀವವೋ ಎಂದು ಮರುಗಿದರು. ವಿಳಾಸ ಇದೆಯಲ್ಲ, ಕಾರಿನಲ್ಲಿ ಹತ್ತು ನಿಮಿಷದ ದಾರಿ, ನಾವೇ ಹೋಗಿ ಕರೆತರೋಣ ಎಂದು ಎದ್ದರು.

ಕಾರಿನ ಬಾಗಿಲು ತನ್ನ ಮನೆಯ ಮುಂದೆ ತೆರೆಯುವುದು, ಅತ್ತೆ ಹೊರಗೆ ಬರುವುದು, ‘ಖಾಯಂ ಆದ ಅಳಿಯ’ ಎಂದು ಅಧ್ಯಕ್ಷರಿಗೇ ಹೇಳುವುದು ಎಲ್ಲವೂ ಕಂಪ್ಯೂಟರಪ್ಪನ ಕಣ್ಣ ಮುಂದೆ ಒಂದೇ ಸಲ ಹಾದುಹೋಯಿತು. ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡಿತು.

“ಅವರು ತೀರಿಕೊಂಡ್ರು ಸಾರ್.”

ಅಧ್ಯಕ್ಷರು ಕುಳಿತರು. ಯಾವಾಗ ಎಂದು ಕೇಳಿದರು. ಇವತ್ತು ಬೆಳಿಗ್ಗೆ ಎಂದ. ನಿಮಗೆ ಪರಿಚಯವೇ ಎಂದು ಕೇಳಿದರು. ನಾನೇ ಹೆಸರು ನೋಂದಾಯಿಸಿದ್ದು ಎಂದ. ಇಷ್ಟು ಹೊತ್ತಿನಲ್ಲಿ ಅವನಾಡಿದ ಒಂದೇ ನಿಜ ಅದು.

“ಪಾಪ, ಅದಕ್ಕೇ ಆ ತಾಯಿ ‘ಈ ಮನೇಲಿ ಓದೋರು ಯಾರೂ ಇಲ್ಲ’ ಅಂದ್ರು,” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. “ನನಗೆ ಅರ್ಥವೇ ಆಗಲಿಲ್ಲ. ಎಷ್ಟು ದುಃಖ ಇತ್ತು ಆ ಮಾತಲ್ಲಿ.”

ಕೌಂಟರಿನಲ್ಲಿ ದೊಡ್ಡಮ್ಮ ಪತ್ರಿಕೆಯನ್ನು ಮತ್ತೆ ತೆರೆದು ಒಳಪುಟ ನೋಡಿದರು. ‘ಇವತ್ತಿನ ಪೇಪರಿನಲ್ಲಿ ಇಲ್ವಲ್ಲ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಚೀಟಿಯ ಮೇಲೆ ಏನೋ ಬರೆದುಕೊಂಡರು. ಕಂಪ್ಯೂಟರಪ್ಪ ಅದನ್ನು ನೋಡಿದ, ನೋಡಿಯೂ ನೋಡಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಅಧ್ಯಕ್ಷರು ಮೂಲೆಯ ಅಂಗಡಿಯಿಂದ ದೊಡ್ಡದೊಂದು ಹೂವಿನ ಹಾರ ತರಿಸಿದರು. ಗ್ರಂಥಾಲಯದ ಪರವಾಗಿ ಮೃತರ ಮನೆಗೆ ತಲುಪಿಸಬೇಕೆಂದರು. ನಾನೇ ಹೋಗಿ ಕೊಟ್ಟು ಬರುತ್ತೇನೆಂದು ಕಂಪ್ಯೂಟರಪ್ಪ ಎರಡು ಹೆಜ್ಜೆ ಮುಂದೆ ಬಂದ. ನೀವು ಹೋದರೆ ಇಲ್ಲಿ ಪಟ್ಟಿ ತೋರಿಸುವವರು ಯಾರೆಂದು ಗ್ರಂಥಪಾಲಕರು ಅವನ ತೋಳು ಹಿಡಿದರು. ಹಾರ ಬೈಂಡಿಂಗಿನವನ ಸೈಕಲ್ಲೇರಿತು. ಅವನಿಗೆ ಕಂಪ್ಯೂಟರಪ್ಪನ ಮನೆ ಯಾವುದೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ಶ್ರದ್ಧೆಯಿಂದ ಹೋಗುತ್ತಿರಲಿಲ್ಲ.

ಐದಕ್ಕೆ ಸಮಿತಿಯ ಒಂಬತ್ತು ಮಂದಿ ಅರ್ಧಚಂದ್ರವಾಗಿ ಕುಳಿತರು. ಗೋಡೆಗೆ ಬಿಳಿಯ ಬಟ್ಟೆ ಬಿಗಿದಿತ್ತು. ಅಧ್ಯಕ್ಷರು ಎದ್ದು ನಿಂತು, ಹೆಸರಿನ ಆಸೆಯಿಲ್ಲದೆ ಬರೀ ಓದಿದ ಒಬ್ಬ ಹಿರಿಯರ ಬಗ್ಗೆ ನಾಲ್ಕು ಮಾತಾಡಿದರು. ಮಾತು ಚೆನ್ನಾಗಿತ್ತು. ಕೊನೆಯ ಕುರ್ಚಿಯಲ್ಲಿ ಒಬ್ಬರು ಮೂಗು ಒರೆಸಿಕೊಂಡದ್ದೂ ಕೇಳಿಸಿತು. ಪಟ್ಟಿ ನೋಡುವ ಮೊದಲು ಒಂದು ನಿಮಿಷ ಮೌನ ಆಚರಿಸೋಣ ಎಂದರು. ಎಲ್ಲರೂ ಎದ್ದರು.

ಕಂಪ್ಯೂಟರಪ್ಪನೂ ತಲೆ ತಗ್ಗಿಸಿದ. ಹುಟ್ಟದೆ ಸತ್ತವನಿಗಾಗಿ ಹತ್ತು ಮಂದಿ ನಿಂತಿದ್ದರು. ಅವನು ಬಹಳ ದಿನದಿಂದ ದೇವರನ್ನು ನೆನೆದಿರಲಿಲ್ಲ. ಈಗ ನೆನೆದ. ಸ್ವಾಮಿ, ಇದೊಂದು ದಿನ ದಾಟಿಸು, ನಾಳೆಯಿಂದ ಅತ್ತೆಯ ಎದುರಿಗೂ ನಿಜವನ್ನೇ ಹೇಳುತ್ತೇನೆ ಎಂದು ಬೇಡಿಕೊಂಡ. ಗಡಿಯಾರದ ಸದ್ದು ಕೇಳುವಷ್ಟು ಮೌನ. ಆ ಮೌನದ ನಡುವೆ, ಕೌಂಟರಿನ ಕಡೆಯಿಂದ, ‘ಟಿಕ್’ ಎಂದು ಸಣ್ಣದೊಂದು ಸದ್ದು ಬಂತು.

ಅವನು ಗಮನಿಸಲಿಲ್ಲ.

ಎಲ್ಲರೂ ಕುಳಿತರು. ಗ್ರಂಥಪಾಲಕರು ದೀಪ ಆರಿಸಿದರು. ಕಂಪ್ಯೂಟರಪ್ಪ ಪಟ್ಟಿಯ ಪುಟ ತೆರೆದ. ಗೋಡೆಯ ಮೇಲಿನ ಬಿಳಿ ಬಟ್ಟೆ ಇನ್ನಷ್ಟು ಬೆಳ್ಳಗಾಯಿತು. ನಡುವೆ ಗೇಣುದ್ದದ ಅಕ್ಷರದಲ್ಲಿ ಒಂದೇ ಸಾಲು: ‘ನಿಲ್‌ಗೆ ಹೆಸರು ಕೇಳಲಾಗಿದೆ.’

ಅವನು ಮತ್ತೆ ತೆರೆದ. ಮತ್ತೆ ಅದೇ. ಸದಸ್ಯರ ಯಾದಿಗೆ ಹೋಗಿ ‘ಒಬ್ಬ ಓದುಗ’ನನ್ನು ಹುಡುಕಿದ. ಅಂಥವರು ಯಾರೂ ಇಲ್ಲವೆಂದು ಬಂತು. ಎರಡು ಗಂಟೆಗೆ ಅವನೇ ಹುಟ್ಟಿಸಿದ್ದ ಮನುಷ್ಯ, ವಿಳಾಸ ಸಮೇತ ಮಾಯ. ಹೊರಳಿ ನೋಡಿದ. ದೊಡ್ಡಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕಣ್ಣು ಮುಚ್ಚಿ ಕೈಜೋಡಿಸಿ ಕುಳಿತಿದ್ದರು. ಪರದೆಯ ಮೇಲೆ ದಪ್ಪಕ್ಷರದ ಗುಂಡಿ ಹೊಳೆಯುತ್ತಿತ್ತು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿರ ಹೋದ.

“ದೊಡ್ಡಮ್ಮ, ಆ ಹೆಸರು…”

“ನಾನೇ ತೆಗೆದೆನಪ್ಪ,” ಎಂದರು ಅವರು, ಕೇಳಿಸೀ ಕೇಳಿಸದ ಹಾಗೆ. “ಯಾವಾಗ್ಲೂ ನಾನೇ ತೆಗೆಯೋದು. ಬಹಳ ಹಿಂದೆ ಒಂದು ಸಲ, ಹುಡುಗಿಯೊಬ್ಬಳು ತೀರಿಹೋದ ಮೇಲೆ ಅವಳ ಹೆಸರಿಗೆ ‘ಪುಸ್ತಕ ತಂದುಕೊಡಿ’ ಅಂತ ಇಲ್ಲಿಂದ ಕಾಗದ ಹೋಯ್ತು. ತಾಯಿ ಅದನ್ನ ಹಿಡ್ಕೊಂಡು ಈ ಕೌಂಟರಿಗೆ ಬಂದು ನಿಂತ್ರು. ಮಾತಾಡಲಿಲ್ಲ, ಸುಮ್ಮನೆ ನಿಂತ್ರು. ಅವತ್ತಿಂದ ದಿನಾ ಪೇಪರಿನಲ್ಲಿ ನಿಧನದ ಸುದ್ದಿ ನೋಡ್ತೀನಿ. ನಮ್ಮ ಸದಸ್ಯರಿದ್ರೆ ಅವತ್ತೇ ಕಾರ್ಡು ತೆಗೆದಿಡ್ತೀನಿ. ಈಗ ನೀನು ಗುಂಡಿ ಮಾಡಿಕೊಟ್ಟಿದ್ದೀಯಲ್ಲ, ಸುಲಭ ಆಯ್ತು. ಆರು ತಿಂಗಳಲ್ಲಿ ಇಪ್ಪತ್ತಮೂರು ಜನ.”

“ನನಗೆ ಒಂದು ಮಾತು ಹೇಳಬಾರದಿತ್ತಾ ದೊಡ್ಡಮ್ಮ?”

“ಬೆಳಿಗ್ಗೆ ಕೇಳಿದೆನಲ್ಲ, ಯಾರು ಕಾಣ್ತಾ ಇಲ್ಲ ಅಂತ. ನನಗೆ ತಿಳಿಯಲ್ಲ ಅಂತ ನೀನೇ ಅಂದೆ.”

ಅವನಿಗೆ ಎಲ್ಲವೂ ತಿಳಿಯಿತು. ಪದಬಂಧವೂ ತಿಳಿಯಿತು, ಕೈಜೋಡಿಸಿದ್ದೂ ತಿಳಿಯಿತು. ಇಪ್ಪತ್ತಮೂರು ಮಂದಿ ಓದಿ ಹಿಂತಿರುಗಿಸಿದ ಪುಸ್ತಕಗಳು ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದವು. ಓದಿದವರು ಮಾತ್ರ ಉಳಿದಿರಲಿಲ್ಲ.

“ಮಧ್ಯಾಹ್ನ ಅಧ್ಯಕ್ಷರು ಗಟ್ಟಿಯಾಗಿ ಓದ್ತಾ ಇದ್ದಾಗಲೇ ನನಗೆ ಯಾಕೋ ಅನ್ನಿಸಿತು,” ಎಂದರು ದೊಡ್ಡಮ್ಮ. “ಹೆಣಿಗೆ ಪುಸ್ತಕ ಆ ದರ್ಜಿ ಹೆಂಡತೀದು. ಚದುರಂಗದ್ದು ಪೋಸ್ಟ್‌ಮಾಸ್ಟರದು. ನಕ್ಷತ್ರದ ಪುಸ್ತಕ ನಮ್ಮನೆಯವರದು, ಮೂರು ಸಲ ತಗೊಂಡಿದ್ರು. ನನ್ನವರನ್ನೆಲ್ಲ ಒಂದೇ ಮನೆಗೆ ಸೇರಿಸಿದ್ದೀಯಲ್ಲಪ್ಪ.” ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಇರಲಿ. ಒಂದು ನಿಮಿಷ ಎಲ್ಲರೂ ಅವರಿಗೆ ಎದ್ದು ನಿಂತ್ರು. ಅಷ್ಟಾದ್ರೂ ಆಯ್ತು.”

ಅಷ್ಟು ಹೊತ್ತಿಗೆ ಗ್ರಂಥಪಾಲಕರು ಹಿಂದಿನಿಂದ ಬಂದು, ಬೇಗ ಸರಿಮಾಡ್ರೀ ಎಂದು ಪಿಸುಗುಟ್ಟಿದರು. ಸರಿಮಾಡುವುದು ಒಂದು ನಿಮಿಷದ ಕೆಲಸ. ಹೊಸ ಸದಸ್ಯರ ಅರ್ಜಿ ತೆರೆದು ‘ಒಬ್ಬ ಓದುಗ’ ಎಂದು ಮತ್ತೆ ಬರೆದರೆ ಸಾಕು, ಪುಟ ಬರುತ್ತದೆ. ಆದರೆ ಅವನ ಪರದೆ ಈಗ ಇಡೀ ಗೋಡೆಯ ಮೇಲಿತ್ತು. ಐದು ನಿಮಿಷದ ಹಿಂದೆ ಯಾರಿಗಾಗಿ ಎದ್ದು ನಿಂತಿದ್ದರೋ ಅವರನ್ನು ಒಂಬತ್ತು ಮಂದಿಯ ಕಣ್ಣೆದುರಿಗೆ, ವಯಸ್ಸು ವಿಳಾಸ ಸಮೇತ, ಮತ್ತೆ ಬದುಕಿಸಬೇಕಿತ್ತು. ದೇವರಿಗೆ ಸಲ್ಲುವ ಕೆಲಸ ಅದು, ಹಂಗಾಮಿ ನೌಕರನಿಗಲ್ಲ. ಕಿತ್ತೆಸೆದ ಹನ್ನೊಂದು ಕಾವಲುಗಳು ಉಳಿದಿದ್ದರೆ ಎಂದು ಅವನ ಕೈ ಕೀಲಿಗಳ ಮೇಲೆ ಸುಮ್ಮನೆ ಆಡಿತು.

ಅಧ್ಯಕ್ಷರು ಗೋಡೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ಅವರು ಹೋದ ದಿನವೇ ಪಟ್ಟಿಯೂ ಹೋಯಿತು, ಇದರಲ್ಲಿ ಯಾರ ತಪ್ಪನ್ನು ಹುಡುಕುವುದು ಎಂದರು. ದಯೆಯ ಮಾತು. ಆದರೆ ತೀರ್ಪು ತೀರ್ಪೇ. ಕಾಣದ ಪಟ್ಟಿಯನ್ನು ನಂಬಿ ಯಾರನ್ನೂ ಖಾಯಂ ಮಾಡುವಂತಿಲ್ಲ, ಬಿಟ್ಟುಬಿಡುವುದೂ ನ್ಯಾಯವಲ್ಲ. ಇನ್ನೂ ಆರು ತಿಂಗಳು ಹಂಗಾಮಿ. ಅಲ್ಲಿಯವರೆಗೆ ಡ್ರಾಯರುಗಳೂ ಇರಲಿ, ಎರಡು ಕಡೆಯೂ ಬರೆಯುತ್ತಿರಲಿ. ಹೊರಡುವಾಗ ಕಂಪ್ಯೂಟರಪ್ಪನ ಬೆನ್ನು ತಟ್ಟಿ, ನಿಮಗೆ ಪರಿಚಯವಿದ್ದವರಲ್ಲವೇ, ಸೋಮವಾರದೊಳಗೆ ಆ ಹಿರಿಯರ ಜೀವನದ ಬಗ್ಗೆ ನಾಲ್ಕು ಪುಟ ಬರೆದುಕೊಡಿ, ಒಂದು ಫೋಟೋ ಕೂಡ ಇರಲಿ, ಗೋಡೆಗೆ ಹಾಕೋಣ ಎಂದು ಹೇಳಿ ಹೋದರು.

ಮನೆಯ ಕಡೆ ನಡೆಯುತ್ತ ಅವನು ಅತ್ತೆಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ದೇವರಿಗೆ ಮಾತು ಕೊಟ್ಟಾಗಿತ್ತು. ದೇವರು ದಿನವನ್ನು ಪೂರ್ತಿ ದಾಟಿಸದಿದ್ದರೂ ಮಾತು ಮಾತೇ. ನಿಜವನ್ನೇ ಹೇಳುವುದು, ಬೈದರೆ ಬೈಸಿಕೊಳ್ಳುವುದು. ಹೀಗೆ ನಿಶ್ಚಯಿಸಿದ ಮೇಲೆ ಮನಸ್ಸು ಹಗುರವಾಯಿತು. ಹೂವಿನ ಹಾರದ ನೆನಪು ಬಂದದ್ದು ತನ್ನ ಬೀದಿಯ ತಿರುವಿನಲ್ಲಿ.

ಅವನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಎದುರು ಮನೆಯವರು, ಪಕ್ಕದ ಮನೆಯವರು, ಮಹಡಿಯವರು, ಹಾಲಿನವನು, ಮುಖ ನೋಡಿದರೆ ಮಾತಾಡದ ಮನೆಯ ಮಾಲೀಕರು ಕೂಡ ತಲೆ ತಗ್ಗಿಸಿ ನಿಂತಿದ್ದರು. ಬಾಗಿಲಿಗೆ ಹೂವಿನ ಹಾರ ಒರಗಿಸಿತ್ತು. ಒಳಗೆ ಅತ್ತೆ ಗೋಡೆಗೆ ಒರಗಿ ಗಟ್ಟಿಯಾಗಿ ಅಳುತ್ತಿದ್ದರು. ನಾಲ್ಕು ಜನ ಅಳುವ ಮುಖ ಮಾಡಿಕೊಂಡು ಬಂದರೆ, ಯಾರಿಗಾಗಿ ಎಂದು ಕೇಳಿಕೊಂಡು ಅಳುವ ಸ್ವಭಾವ ಅವರದಲ್ಲ. ಬಂದವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಎಲ್ಲವನ್ನೂ ಸುಧಾರಿಸುತ್ತಿದ್ದವನು ಬೈಂಡಿಂಗಿನವನು. ದಾರಿಯುದ್ದಕ್ಕೂ ವಿಳಾಸ ಕೇಳಿದ ಕಡೆಯೆಲ್ಲ ಸುದ್ದಿ ಹೇಳುತ್ತ ಬಂದಿದ್ದ.

ಅವನು ಕಂಪ್ಯೂಟರಪ್ಪನನ್ನು ನೋಡಿ ಎದ್ದು ಬಂದ. “ನೀವೂ ಬಂದ್ರಾ? ಒಳ್ಳೇ ಕೆಲಸ ಮಾಡಿದ್ರಿ. ಪಾಪ, ಬಹಳ ಒಳ್ಳೇ ಮನೆತನ. ಮನೆ ಯಜಮಾನ ಮಾತ್ರ ಯಾರೋ ಬೇಜವಾಬ್ದಾರಿ ಮನುಷ್ಯ, ಇಷ್ಟಾದ್ರೂ ಇನ್ನೂ ಬಂದಿಲ್ಲ.”

ಹೆಂಡತಿ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಮಧ್ಯಾಹ್ನದಿಂದ ಒಂದೇ ಪ್ರಶ್ನೆ ಹಿಡಿದುಕೊಂಡು ನಿಂತವಳ ಮುಖ ಅದು. ಬೀದಿಯೆಲ್ಲ ಮಾತು ನಿಲ್ಲಿಸಿ ಅವನ ಕಡೆ ನೋಡಿತು. ಅತ್ತೆಯೂ ಒಂದು ಗಳಿಗೆ ಅಳು ನಿಲ್ಲಿಸಿದರು.

“ನಿಮ್ಮ ಗ್ರಂಥಾಲಯದಿಂದಲೇ ಅಂತೆ ಹಾರ ಬಂದಿರೋದು,” ಎಂದಳು. “ನಮ್ಮನೇಲಿ ಸತ್ತಿರೋದು ಯಾರು ಅಂತ ನನಗೆ ಗೊತ್ತಾಗಬೇಕು. ಅವರ ಹೆಸರೇನ್ರೀ?”

ಕಂಪ್ಯೂಟರಪ್ಪ ಬಾಯಿ ತೆರೆದ. ಅವನ ಮುಖ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಬೆಳ್ಳಗಾಗುತ್ತ ಹೋಯಿತು.